ಕಳೆದುಹೋದ ಪುಸ್ತಕ ಯಾರ ಸಂಬಳದಿಂದ?

ಇವತ್ತಿನ ಎಪಿಸೋಡ್‌ನಲ್ಲಿ ಸ್ವಲ್ಪ ಲೆಕ್ಕ ಇದೆ, ಸ್ವಲ್ಪ ಜಗಳ ಇದೆ. ಎರಡೂ ಪುಸ್ತಕದ ಬಗ್ಗೆ.

ಹೋದ ತಿಂಗಳು ಬೆಂಗಳೂರಲ್ಲಿ ಒಂದು ಸಮ್ಮೇಳನಕ್ಕೆ ಹೋಗಿದ್ದೆ. ಶಾಲಾ ಲೈಬ್ರರಿಯನ್‌ಗಳ ಸಮ್ಮೇಳನ. ಹೌದು, ಅವರಿಗೂ ಸಮ್ಮೇಳನ ಇರತ್ತೆ. ಒಂದು ಖಾಸಗಿ ಶಾಲೆಯ ಆಡಿಟೋರಿಯಂ, ಬಾಗಿಲಲ್ಲಿ ರಿಜಿಸ್ಟ್ರೇಶನ್ ಟೇಬಲ್, ಒಂದು ಫೈಲು, ಒಂದು ಪೆನ್ನು, ಕುತ್ತಿಗೆಗೊಂದು ಐಡಿ ಕಾರ್ಡ್. ರೆಕಾರ್ಡರ್ ಹಿಡ್ಕೊಂಡು ಬಂದ ಹೊರಗಿನವಳು ನಾನೊಬ್ಬಳೇ. ಮಾತಾಡಿದವರಲ್ಲಿ ಮುಕ್ಕಾಲು ಪಾಲು ಜನ "ಹೆಸರು ಹಾಕಬೇಡಿ, ಶಾಲೆ ಹೆಸರಂತೂ ಬೇಡವೇ ಬೇಡ" ಅಂದ್ರು. ಹಾಗಾಗಿ ಇಲ್ಲಿ ಯಾರ ಹೆಸರೂ ಬರಲ್ಲ. ಯಾಕೆ ಹಾಗಂದ್ರು ಅನ್ನೋದು ಮುಂದೆ ಗೊತ್ತಾಗತ್ತೆ.

ಯಾರು ಬಂದಿದ್ರು ಅಂತ ಮೊದಲು ಹೇಳ್ತೀನಿ, ಯಾಕಂದ್ರೆ ಅರ್ಧ ಕತೆ ಅಲ್ಲೇ ಇದೆ. ಮುಂದಿನ ಸಾಲುಗಳಲ್ಲಿ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ಲೈಬ್ರರಿಯನ್‌ಗಳು. ಬಿ.ಲಿಬ್, ಎಂ.ಲಿಬ್ ಓದಿದವರು, ಲೈಬ್ರರಿ ನೋಡಿಕೊಳ್ಳೋದೇ ಅವರ ಕೆಲಸ. ಅವರ ಪಕ್ಕದಲ್ಲಿ ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯದವರು. ಅಲ್ಲೂ ಲೈಬ್ರರಿಯನ್ ಅಂತ ಒಂದು ಹುದ್ದೆ ಇದೆ. ಹಿಂದಿನ ಸಾಲುಗಳಲ್ಲಿ ಸರ್ಕಾರಿ ಶಾಲೆಯವರು. ಅವರು ಯಾರೂ ಲೈಬ್ರರಿಯನ್ ಅಲ್ಲ. ಒಬ್ಬರು ಕನ್ನಡ ಟೀಚರ್, ಒಬ್ಬರು ಸಮಾಜ ವಿಜ್ಞಾನ, ಒಬ್ಬರು ಪಿಟಿ ಮೇಷ್ಟ್ರು. ಲೈಬ್ರರಿ ಅವರಿಗೆ 'ಹೆಚ್ಚುವರಿ ಜವಾಬ್ದಾರಿ'. ಬಿಸಿಯೂಟದ ಲೆಕ್ಕ, ಸಮವಸ್ತ್ರ ಹಂಚೋದು, ಚುನಾವಣೆ ಡ್ಯೂಟಿ, ಇವುಗಳ ಜೊತೆಗೆ ಇದೂ ಒಂದು.

ಇದು ಯಾಕೆ ಹೀಗೆ? ಕಾನೂನು ನೋಡಿದ್ರೆ ಅರ್ಥ ಆಗತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಒಂದು ಶಾಲೆಯಲ್ಲಿ ಏನೇನು ಇರಲೇಬೇಕು ಅನ್ನೋ ಪಟ್ಟಿ ಅದು. ಅದರಲ್ಲಿ ಪ್ರತಿ ಶಾಲೆಗೂ ಲೈಬ್ರರಿ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯದ ಪುಸ್ತಕ, ಕತೆ ಪುಸ್ತಕವೂ ಇರಬೇಕು ಅಂತ ಸ್ಪಷ್ಟವಾಗಿ ಬರೆದಿದಾರೆ. ಕತೆ ಪುಸ್ತಕ ಅಂತ ಬಿಡಿಸಿ ಹೇಳಿದ್ದು ಯಾರೋ ಪುಣ್ಯಾತ್ಮರು. ಆದರೆ ಅದೇ ಅನುಸೂಚಿಯಲ್ಲಿ ಶಿಕ್ಷಕರ ಪಟ್ಟಿ ನೋಡಿ. 6ರಿಂದ 8ನೇ ತರಗತಿವರೆಗೆ, ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು, ಜೊತೆಗೆ ಚಿತ್ರಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಅಂತಿದೆ. ಲೈಬ್ರರಿಯನ್ ಅನ್ನೋ ಪದ ಎಲ್ಲೂ ಇಲ್ಲ. ಕೋಣೆ ಕೊಟ್ರು, ಪುಸ್ತಕ ಕೊಟ್ರು, ಬಾಗಿಲು ತೆಗೆಯೋರನ್ನ ಕೊಡಲಿಲ್ಲ.

ಸರಿ, ಕಾರ್ಯಕ್ರಮ ಶುರುವಾಯ್ತು. ದೀಪ ಬೆಳಗೋದು, ಪ್ರಾರ್ಥನೆ, ಶಾಲು, ಹಾರ, ಅದನ್ನೆಲ್ಲ ಎಡಿಟ್ ಮಾಡಿದೀನಿ, ನಿಮ್ಮ ಡೇಟಾ ಉಳೀತು. ಮೊದಲ ಭಾಷಣ ಎಸ್.ಆರ್. ರಂಗನಾಥನ್ ಬಗ್ಗೆ. ಲೈಬ್ರರಿಯವರ ಯಾವ ಸಭೆಗೆ ಹೋದ್ರೂ ಮೊದಲ ಸ್ಲೈಡ್ ಇವರದ್ದೇ ಅಂತ ಪಕ್ಕದಲ್ಲಿ ಕೂತಿದ್ದವರು ನಗ್ತಾ ಹೇಳಿದ್ರು. ಕೇಳದೇ ಇರೋರಿಗೆ ಎರಡು ಮಾತು. 1892ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದವರು, ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದ್ರು. 1931ರಲ್ಲಿ ಲೈಬ್ರರಿಯ ಐದು ಸೂತ್ರಗಳ ಬಗ್ಗೆ ಒಂದು ಪುಸ್ತಕ ಬರೆದ್ರು. ಜಗತ್ತಿನಲ್ಲಿ ಎಲ್ಲಿ ಲೈಬ್ರರಿ ಸೈನ್ಸ್ ಓದಿದ್ರೂ ಆ ಐದು ಸೂತ್ರ ಇವತ್ತಿಗೂ ಪಾಠ. ನಮಗೆ ಹತ್ತಿರದ ವಿಷಯ ಏನಂದ್ರೆ ಅವರು ಕೊನೆಯ ವರ್ಷಗಳನ್ನ ಕಳೆದದ್ದು ಬೆಂಗಳೂರಲ್ಲಿ. 1962ರಲ್ಲಿ ಡಿಆರ್‌ಟಿಸಿ ಅನ್ನೋ ತರಬೇತಿ ಕೇಂದ್ರ ಶುರು ಮಾಡಿದ್ದು ಇಲ್ಲೇ, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ.

ಅವರ ಮೊದಲ ಸೂತ್ರ ತುಂಬಾ ಸಣ್ಣದು: ಪುಸ್ತಕ ಇರೋದು ಬಳಸೋದಕ್ಕೆ. ಇದನ್ನೂ ಒಂದು ಸೂತ್ರ ಅಂತ ಹೇಳಬೇಕಾ ಅನ್ನಿಸಬಹುದು. ಆದರೆ ಅವರು ಹಳೇ ಯುರೋಪಿನ ಲೈಬ್ರರಿಗಳ ಉದಾಹರಣೆ ಕೊಡ್ತಾರೆ. ಅಲ್ಲಿ ಪುಸ್ತಕಕ್ಕೆ ಕಬ್ಬಿಣದ ಸರಪಳಿ ಹಾಕಿ ಶೆಲ್ಫಿಗೆ ಕಟ್ತಿದ್ರು. ಇಂಗ್ಲೆಂಡಿನ ಹೆರೆಫರ್ಡ್ ಚರ್ಚಿನಲ್ಲಿ ಅಂಥ ಸರಪಳಿ ಲೈಬ್ರರಿ ಈಗಲೂ ಇದೆ. ಭಾಷಣದಲ್ಲಿ ಆ ಫೋಟೋ ತೋರಿಸಿದಾಗ ಹಿಂದಿನ ಸಾಲಿನಿಂದ ಒಂದು ದನಿ ಬಂತು: "ನಮ್ಮಲ್ಲಿ ಸರಪಳಿ ಇಲ್ಲ ಸರ್, ಬೀರು ಇದೆ." ಇಡೀ ಹಾಲ್ ನಕ್ಕಿತು. ಮುಂದಿನ ಸಾಲಿನವರು ಸ್ವಲ್ಪ ಕಮ್ಮಿ ನಕ್ಕರು.

ಟೀ ಬ್ರೇಕ್ ಆದಮೇಲೆ ಇದ್ದದ್ದು ಸ್ಟಾಕ್ ವೆರಿಫಿಕೇಶನ್ ಬಗ್ಗೆ ಒಂದು ಗೋಷ್ಠಿ. ಕೇಳೋಕೆ ನಿದ್ದೆ ಬರೋ ವಿಷಯ ಅಲ್ವಾ? ಆದರೆ ಅವತ್ತು ಕುರ್ಚಿ ಸಾಲದೇ ಜನ ನಿಂತಿದ್ದು ಅದಕ್ಕೊಂದಕ್ಕೇ. ಸ್ಟಾಕ್ ವೆರಿಫಿಕೇಶನ್ ಅಂದ್ರೆ ವರ್ಷಕ್ಕೊಮ್ಮೆ ರಿಜಿಸ್ಟರ್ ಹಿಡ್ಕೊಂಡು ಶೆಲ್ಫ್ ಮುಂದೆ ನಿಂತು, ಬರೆದಿರೋ ಪ್ರತಿ ಪುಸ್ತಕ ಇದೆಯಾ ಇಲ್ವಾ ಅಂತ ಎಣಿಸೋದು. ಆ ರಿಜಿಸ್ಟರಿಗೆ ಆಕ್ಸೆಷನ್ ರಿಜಿಸ್ಟರ್ ಅಂತಾರೆ. ಶಾಲೆಗೆ ಪುಸ್ತಕ ಬಂದ ದಿನ ಅದಕ್ಕೊಂದು ನಂಬರ್ ಬೀಳತ್ತೆ, ಬೆಲೆ ಬರೀತಾರೆ, ಸೀಲ್ ಹಾಕ್ತಾರೆ. ಆಮೇಲೆ ಆ ನಂಬರ್ ಇನ್ನೊಂದು ಪುಸ್ತಕಕ್ಕೆ ಹೋಗೋದೇ ಇಲ್ಲ. 12 ರೂಪಾಯಿಯ ಹದಿನಾರು ಪುಟದ ಚಿತ್ರಕತೆಗೂ ಒಂದು ನಂಬರ್, ಮೂರು ಸಾವಿರದ ನಿಘಂಟಿಗೂ ಒಂದು ನಂಬರ್.

ಅಲ್ಲಿ ಮೈಕ್ ತಗೊಂಡು ಮಾತಾಡಿದವರಲ್ಲಿ ಒಬ್ಬರು ಉತ್ತರ ಕರ್ನಾಟಕದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಟೀಚರ್. ಹಸಿರು ಸೀರೆ, ಕೈಯಲ್ಲೊಂದು ಬಟ್ಟೆ ಚೀಲ. ಆಮೇಲೆ ಊಟದ ಹೊತ್ತಲ್ಲಿ ನಾನು ಅವರ ಜೊತೆ ಕೂತು ಇಡೀ ಕತೆ ಕೇಳಿದೆ.

ಅವರ ಹಳೇ ಶಾಲೆಯಲ್ಲಿ ಲೈಬ್ರರಿ ಅಂದ್ರೆ ಹೆಡ್‌ಮಾಸ್ಟರ್ ರೂಮಿನಲ್ಲಿದ್ದ ಎರಡು ಕಬ್ಬಿಣದ ಬೀರು. ಇವರಿಗೆ ಕೀಲಿಕೈ ಕೊಟ್ರು. ಇವರು ಸುಮ್ಮನೆ ಕೂರಲಿಲ್ಲ. ಪುಸ್ತಕಗಳನ್ನ ಕಾರಿಡಾರಿಗೆ ತಂದ್ರು, ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಕ್ಕಳಿಗೆ ಮನೆಗೆ ಕೊಡೋಕೆ ಶುರು ಮಾಡಿದ್ರು. ಒಂದು ನೋಟ್‌ಬುಕ್ಕಲ್ಲಿ ಏಳನೇ ಕ್ಲಾಸಿನ ಹುಡುಗಿಯರೇ ಹೆಸರು ಬರ್ಕೊಳ್ತಿದ್ರು. ಮೂರು ವರ್ಷ ಹೀಗೆ ನಡೀತು. ಆಮೇಲೆ ವರ್ಗಾವಣೆ ಆಯ್ತು. ವರ್ಗಾವಣೆ ಆದ್ರೆ ಚಾರ್ಜ್ ಒಪ್ಪಿಸಬೇಕು. ರಿಜಿಸ್ಟರ್ ಹಿಡಿದು ಎಣಿಸಿದ್ರು. 58 ಪುಸ್ತಕ ಇಲ್ಲ. ಒಟ್ಟು ಬೆಲೆ 4,350 ರೂಪಾಯಿ. ಕಟ್ಟಿದ್ರೆ ರಿಲೀವ್ ಮಾಡ್ತೀವಿ ಅಂದ್ರು. ಕಟ್ಟಿದ್ರು.

"ರೊಕ್ಕದ್ದು ಹೋಗ್ಲಿ ಬಿಡ ತಂಗಿ," ಅಂದ್ರು ಅವರು. "ನನ್ನ ಮುಂದ ರಿಜಿಸ್ಟರಿನ್ಯಾಗ ಕೆಂಪು ಪೆನ್ನಿಲೆ ಬರದ್ರು, ಇಂಥವರಿಂದ ವಸೂಲಿ ಅಂತ. ಅದನ್ನ ಮುಂದಿನವ್ರು ಓದ್ತಾರಲ್ಲ, ಏನ್ ತಿಳ್ಕೊಂತಾರ?"

ಎರಡು ತಿಂಗಳಾದ ಮೇಲೆ ಆ ಊರಿನ ಒಬ್ಬ ತಾಯಿ ಫೋನ್ ಮಾಡಿದ್ರಂತೆ. ಟೀಚರ್, ನಿಮ್ಮ ನಾಲ್ಕು ಪುಸ್ತಕ ನಮ್ಮ ಮನೆ ಟ್ರಂಕಿನಲ್ಲಿ ಇದಾವೆ, ನನ್ನ ಮಗಳು ತಂಗಿಗೆ ಓದಿ ಹೇಳ್ತಾ ಇರ್ತಾಳೆ, ವಾಪಸ್ ಕೊಡಬೇಕಿತ್ತಾ ಅಂತ.

ಈಗ ಹೊಸ ಶಾಲೆ. ಅಲ್ಲೂ ಲೈಬ್ರರಿ ಇವರಿಗೇ ಕೊಟ್ಟಿದಾರೆ, "ನಿಮಗೆ ಅನುಭವ ಐತಲ್ಲ" ಅಂತ. ನಾನು ಕೇಳಿದೆ, ಅಲ್ಲೂ ಮಕ್ಕಳಿಗೆ ಮನೆಗೆ ಕೊಡ್ತೀರಾ ಅಂತ. ಅವರು ಅನ್ನ ಕಲಸ್ತಾ ಹೇಳಿದ್ರು: "ಕೀಲಿ ಹಾಕೇನಿ. ಈಗ ನೋಡು, ಒಂದ್ ಪುಸ್ತಕಾನೂ ಕಳದಿಲ್ಲ."

ನಾನು ಬಿಕಾಂ ಓದಿದವಳು. ಆಡಿಟ್ ಅಂದ್ರೆ ಏನು ಅಂತ ಒಂದಿಷ್ಟು ಗೊತ್ತು. ಆಡಿಟರ್ ಬಂದು ನೋಡಿದ್ರೆ ಅವರ ಹಳೇ ಶಾಲೆಗಿಂತ ಹೊಸ ಶಾಲೆಯೇ ಒಳ್ಳೇ ಲೈಬ್ರರಿ. ಎಲ್ಲ ನಂಬರ್ ಇದೆ, ಒಂದು ಪುಟ ಹರಿದಿಲ್ಲ. ಬೀರುವಿನಲ್ಲಿ ಕೂತು ಗೆದ್ದಲು ಹಿಡಿಯೋವರೆಗೂ ಅದು ನಷ್ಟ ಅಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪುಸ್ತಕವನ್ನ ಟೇಬಲ್, ಕುರ್ಚಿ, ಕಂಪ್ಯೂಟರ್ ಥರ ಸ್ಥಿರ ಆಸ್ತಿಯ ಲೆಕ್ಕದಲ್ಲಿ ಇಟ್ಟಿದಾರೆ. ಅದರಲ್ಲೂ ತಮಾಷೆ ನೋಡಿ. ಕುರ್ಚಿಗೆ ಕಂಪನಿಗಳು ವರ್ಷ ವರ್ಷ ಸವಕಳಿ ತೆಗೀತಾರೆ, ಇಂತಿಷ್ಟು ವರ್ಷಕ್ಕೆ ಇದರ ಬೆಲೆ ಮುಗೀತು ಅಂತ ಒಪ್ಕೊಳ್ತಾರೆ. ಈ ಟೀಚರ್ ಹತ್ರ ವಸೂಲಿ ಮಾಡುವಾಗ ಎಂಟು ವರ್ಷ ಹಳೇ ಪುಸ್ತಕಕ್ಕೂ ಕೊಂಡಾಗಿನ ಪೂರ್ತಿ ಬೆಲೆಯನ್ನೇ ಹಾಕಿದಾರೆ.

ಇದಾದ ಮೇಲೆ ಬಂತು ಅವತ್ತಿನ ಮುಖ್ಯ ಮಾತು. ನಿವೃತ್ತರಾದ ಒಬ್ಬರು ಲೈಬ್ರರಿಯನ್ ಎದ್ದು ನಿಂತ್ರು. ಕೇಂದ್ರ ಸರ್ಕಾರದ ಶಾಲೆಗಳಲ್ಲಿ ಕೆಲಸ ಮಾಡಿದವರು, ತೆಳ್ಳಗಿನ ಮನುಷ್ಯ, ಜೇಬಿಂದ ಮಡಚಿದ ಝೆರಾಕ್ಸ್ ಹಾಳೆ ತೆಗೆದ್ರು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017. ಅದರ 215ನೇ ನಿಯಮ. ಅದನ್ನ ಓದಿದ್ರು. ನಾನು ಮನೆಗೆ ಬಂದು ಮೂಲ ತೆಗೆದು ನೋಡಿದೆ, ಹಾಗೇ ಇದೆ.

ಆ ನಿಯಮ ಏನು ಹೇಳತ್ತೆ ಅಂದ್ರೆ, 20 ಸಾವಿರದವರೆಗೆ ಪುಸ್ತಕ ಇರೋ ಲೈಬ್ರರಿಯಲ್ಲಿ ಪ್ರತಿ ವರ್ಷ ಪೂರ್ತಿ ಎಣಿಸಬೇಕು. 20 ಸಾವಿರದಿಂದ 50 ಸಾವಿರ ಇದ್ರೆ ಮೂರು ವರ್ಷಕ್ಕೆ ಒಮ್ಮೆಯಾದರೂ. ಅದಕ್ಕೂ ಜಾಸ್ತಿ ಇದ್ರೆ ಸ್ಯಾಂಪಲ್ ತೆಗೆದು ನೋಡಿದ್ರೆ ಸಾಕು. ಇದು ಮೊದಲ ಭಾಗ, ಇದು ಎಲ್ಲರಿಗೂ ಗೊತ್ತು. ಎರಡನೇ ಭಾಗ ಯಾರೂ ಓದಿರಲಿಲ್ಲ. ಒಂದು ವರ್ಷದಲ್ಲಿ ಓದುಗರಿಗೆ ಕೊಟ್ಟ ಅಥವಾ ಓದುಗರು ತೆಗೆದು ನೋಡಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಪುಸ್ತಕ ಕಳೆದರೆ ಅದನ್ನ ಸಹಜ ನಷ್ಟ ಅಂತ ಪರಿಗಣಿಸಬಹುದು. ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಆಗಿರಬಾರದು, ಅಷ್ಟೇ. ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಹೋದ್ರೆ ಮಾತ್ರ ಕಡ್ಡಾಯವಾಗಿ ತನಿಖೆ ಆಗಬೇಕು.

ಇಲ್ಲಿ ಒಂದು ನಿಮಿಷ ನಿಲ್ಲಿ. ಲೆಕ್ಕ ಅಂತ ಹೇಳಿದ್ನಲ್ಲ, ಅದು ಈಗ.

ನಿಯಮ ಹೇಳ್ತಿರೋದು ಶೆಲ್ಫಿನಲ್ಲಿ ಇರೋ ಸಾವಿರ ಪುಸ್ತಕಕ್ಕೆ ಐದು ಅಂತ ಅಲ್ಲ. ಓದೋಕೆ ಹೋದ ಸಾವಿರಕ್ಕೆ ಐದು. ಒಂದು ಶಾಲೆಯಲ್ಲಿ 300 ಮಕ್ಕಳು ಇದಾರೆ ಅಂದ್ಕೊಳ್ಳಿ. ವಾರಕ್ಕೆ ಒಂದು ಪುಸ್ತಕ, ರಜೆ ಪರೀಕ್ಷೆ ಎಲ್ಲ ಕಳೆದು ವರ್ಷಕ್ಕೆ 30 ವಾರ. ಅಂದ್ರೆ 9,000 ಸಲ ಪುಸ್ತಕ ಕೈ ಬದಲಾಯಿಸ್ತು. ಸಾವಿರಕ್ಕೆ ಐದರ ಲೆಕ್ಕದಲ್ಲಿ ವರ್ಷಕ್ಕೆ 45 ಪುಸ್ತಕ ಕಳೆದರೂ ಅದು ಸಹಜ. ಈಗ ಬೀಗ ಹಾಕಿರೋ ಶಾಲೆ ನೋಡಿ. ಇನ್‌ಸ್ಪೆಕ್ಷನ್ ದಿನ ತೋರಿಸೋಕೆ 50 ಪುಸ್ತಕ ಹೊರಗೆ ತೆಗೆದ್ರು, ಅಷ್ಟೇ. ಅವರಿಗೆ ಸಿಗೋ ವಿನಾಯಿತಿ ಕಾಲು ಪುಸ್ತಕ. ಹೆಚ್ಚು ಓದಿಸಿದವರಿಗೆ ಹೆಚ್ಚು ವಿನಾಯಿತಿ, ಓದಿಸದೇ ಇದ್ದವರಿಗೆ ಏನೂ ಇಲ್ಲ. ಸರ್ಕಾರಿ ನಿಯಮಾವಳಿಯಲ್ಲಿ ಇಷ್ಟು ತಿಳುವಳಿಕೆಯ ಒಂದು ಸಾಲು ಇರತ್ತೆ ಅಂತ ನಾಲ್ಕು ಸೆಮಿಸ್ಟರ್ ಆಡಿಟಿಂಗ್ ಓದಿಸಿದ್ರೂ ನಮಗೆ ಯಾರೂ ಹೇಳಿರಲಿಲ್ಲ.

ಆ 45 ಪುಸ್ತಕಕ್ಕೆ ದುಡ್ಡಿನ ಲೆಕ್ಕ ಹಾಕೋಣ. ಮಕ್ಕಳ ಪುಸ್ತಕ ಸರಾಸರಿ 80 ರೂಪಾಯಿ ಅಂತ ಇಟ್ಕೊಂಡ್ರೆ 3,600. ಮುನ್ನೂರು ಮಕ್ಕಳಿಗೆ ಹಂಚಿದ್ರೆ ತಲೆಗೆ 12 ರೂಪಾಯಿ, ವರ್ಷಕ್ಕೆ. ಒಂದು ಟೀಗೂ ಸಾಲಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಲೈಬ್ರರಿಗೆ ಶಾಲೆಯ ಮಟ್ಟ ನೋಡಿ 5 ಸಾವಿರದಿಂದ 20 ಸಾವಿರದವರೆಗೆ ಅನುದಾನಕ್ಕೆ ಅವಕಾಶ ಇದೆ. ಅಂದ್ರೆ ಈ ನಷ್ಟವನ್ನ ವ್ಯವಸ್ಥೆ ಹೊರಬಹುದು. ಹೊರೋಕೆ ಆಗದೇ ಇರೋದು ಒಬ್ಬ ಟೀಚರ್‌ಗೆ.

ಆದರೆ ಒಂದು ಮಾತು ನೇರವಾಗಿ ಹೇಳಬೇಕು. 215ನೇ ನಿಯಮ ಕೇಂದ್ರ ಸರ್ಕಾರದ್ದು. ನಮ್ಮ ಊರಿನ ರಾಜ್ಯ ಸರ್ಕಾರಿ ಶಾಲೆಗೆ ಅದು ತಾನಾಗಿ ಅನ್ವಯ ಆಗಲ್ಲ. ಖಾಸಗಿ ಶಾಲೆಗೆ ಅವರ ಆಡಳಿತ ಮಂಡಳಿ ಹೇಳಿದ್ದೇ ನಿಯಮ. ಹಾಲ್‌ನಲ್ಲಿ ಇದನ್ನ ಒಬ್ಬರು ಎತ್ತಿದ ತಕ್ಷಣ ಹಿಂದಿನ ಸಾಲುಗಳ ಮುಖ ಸಪ್ಪಗಾಯ್ತು.

ಜಗಳ ಶುರುವಾಗಿದ್ದು ಇದಾದ ಮೇಲೆ. ಮುಂದಿನ ಸಾಲಿನಲ್ಲಿದ್ದ ಹಿರಿಯ ಮೇಡಂ ಒಬ್ಬರು, ದೊಡ್ಡ ಖಾಸಗಿ ಶಾಲೆಯಲ್ಲಿ ಬಹಳ ವರ್ಷದಿಂದ ಇರೋರು, ಒಪ್ಪಲಿಲ್ಲ. ಕಳೆದ್ರೆ ಕಳೀಲಿ ಅನ್ನೋದು ಸುಲಭ, ಆ ಪುಸ್ತಕಕ್ಕೆ ಕಾಯ್ತಾ ಇರೋ ಇನ್ನೊಂದು ಮಗುವಿಗೆ ಏನು ಹೇಳ್ತೀರಿ ಅಂತ ಕೇಳಿದ್ರು. ಅವರು ಕೊಟ್ಟ ಉದಾಹರಣೆ ಜ್ಞಾನ ಗಂಗೋತ್ರಿ. ನಿರಂಜನ ಅವರ ಸಂಪಾದಕತ್ವದಲ್ಲಿ ಬಂದ ಕಿರಿಯರ ವಿಶ್ವಕೋಶ, ಏಳು ಸಂಪುಟ. ನಮ್ಮ ಅಪ್ಪ ಅಮ್ಮನ ಕಾಲದ ಮಕ್ಕಳಿಗೆ ಅದೇ ಗೂಗಲ್. ಅವರ ಶಾಲೆಯಲ್ಲಿ ಅದರ ಹಳೇ ಮುದ್ರಣದ ಸೆಟ್ ಇತ್ತಂತೆ. ಒಂದು ಸಂಪುಟ ಮನೆಗೆ ಹೋಗಿದ್ದು ವಾಪಸ್ ಬರಲಿಲ್ಲ. ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದ್ರು, ಅದೊಂದೇ ಸಂಪುಟ ಬಿಡಿಯಾಗಿ ಸಿಗಲಿಲ್ಲ. ಈಗ ಆರು ಸಂಪುಟ ಕೂತಿದೆ, ಮಧ್ಯದಲ್ಲಿ ಹಲ್ಲು ಬಿದ್ದ ಹಾಗೆ.

ಈ ಮಾತಲ್ಲಿ ನ್ಯಾಯ ಇದೆ. ನಿಯಮ ಬರೆದವರೂ ಅದನ್ನ ಯೋಚಿಸಿದಾರೆ, ಅದಕ್ಕೇ ಅಪರೂಪದ ಪುಸ್ತಕಕ್ಕೆ ಬೇರೆ ದಾರಿ ಇಟ್ಟಿದಾರೆ. ತೊಂದರೆ ಏನಂದ್ರೆ ಬಹಳಷ್ಟು ಶಾಲೆಗಳಲ್ಲಿ 12 ರೂಪಾಯಿಯ ಚಿತ್ರಕತೆಗೂ ಜ್ಞಾನ ಗಂಗೋತ್ರಿಗೂ ಒಂದೇ ಬೀಗ. ಹಿರಿಯ ಮೇಡಂ ಕೊನೆಗೆ ಅಂದದ್ದು ಇಷ್ಟು: "ಸೆಟ್‌ಗಳನ್ನ ಮನೆಗೆ ಕೊಡಬೇಡಿ, ಅಲ್ಲೇ ಕೂತು ಓದಲಿ. ಉಳಿದಿದ್ದು ಕೊಡಿ. ಆದರೆ ಕಳೆದದ್ದಕ್ಕೆ ಪೇರೆಂಟ್ಸ್ ಹತ್ರ ದುಡ್ಡು ತಗೊಳ್ಳಿ." ಹಿಂದಿನಿಂದ ಪಿಟಿ ಮೇಷ್ಟ್ರು ಕೂಗಿದ್ರು: "ಮೇಡಂ, ನಮ್ಮ ಪೇರೆಂಟ್ಸ್ ಹತ್ರ ದುಡ್ಡು ಕೇಳಿದ್ರೆ ಮಗು ನಾಳೆಯಿಂದ ಪುಸ್ತಕ ಮುಟ್ಟಲ್ಲ." ಇಬ್ಬರೂ ಸರಿ. ಒಂದೇ ಕೆಲಸ ಮಾಡೋ ಇಬ್ಬರು ಬೇರೆ ಬೇರೆ ಊರಲ್ಲಿ ಇದ್ದ ಹಾಗೆ ಕಾಣ್ತು.

ನನಗೆ ತುಂಬಾ ಹಿಡಿಸಿದ್ದು ಹಳೇ ಮೈಸೂರು ಕಡೆಯ ಒಬ್ಬ ಟೀಚರ್ ಹೇಳಿದ ದಾರಿ. ಅವರು ವರ್ಷದ ಶುರುವಿನಲ್ಲೇ ಎಸ್‌ಡಿಎಂಸಿ ಸಭೆಯಲ್ಲಿ ಒಂದು ನಿರ್ಣಯ ಬರೆಸ್ತಾರಂತೆ. 50 ರೂಪಾಯಿಗಿಂತ ಕಮ್ಮಿ ಬೆಲೆಯ ತೆಳು ಪುಸ್ತಕಗಳನ್ನ ಬೇರೆ ವಹಿಯಲ್ಲಿ ಬರೀಬೇಕು, ಅವು ಸೀಮೆಸುಣ್ಣ, ಡ್ರಾಯಿಂಗ್ ಹಾಳೆ ಥರ ಬಳಸಿ ಮುಗಿಯೋ ಸಾಮಾನು ಅಂತ. ಹರಿದ್ರೆ, ಕಳೆದ್ರೆ ವರ್ಷದ ಕೊನೆಗೆ ಅದೇ ಸಮಿತಿ ಮುಂದೆ ಪಟ್ಟಿ ಇಟ್ಟು ಸಹಿ. ಕಾಮರ್ಸ್ ಕ್ಲಾಸಿನಲ್ಲಿ ಇದಕ್ಕೆ ಬಂಡವಾಳ ವೆಚ್ಚ, ಕಂದಾಯ ವೆಚ್ಚ ಅಂತ ಎರಡು ಗಂಟೆ ಪಾಠ ಮಾಡ್ತಾರೆ. ಇವರು ಒಂದು ಸಹಿಯಲ್ಲಿ ಮುಗಿಸಿದಾರೆ. ಎಸ್‌ಡಿಎಂಸಿಯಲ್ಲಿ ಇರೋರು ಮಕ್ಕಳ ಅಪ್ಪ ಅಮ್ಮಂದಿರೇ. ಪುಸ್ತಕ ಯಾರ ಮನೆಯಲ್ಲಿ ಇದೆ ಅಂತ ಅವರಿಗೇ ಚೆನ್ನಾಗಿ ಗೊತ್ತಿರತ್ತಂತೆ.

ಮಧ್ಯಾಹ್ನ ಬಿಸಿಬೇಳೆಬಾತ್, ಮೊಸರನ್ನ. ಅದರ ಬಗ್ಗೆ ಯಾವ ಜಗಳವೂ ಆಗಲಿಲ್ಲ.

ಊಟ ಆದಮೇಲೆ ಪುಸ್ತಕ ಜೋಡಿಸೋದರ ಬಗ್ಗೆ ಕಾರ್ಯಾಗಾರ. ಲೈಬ್ರರಿ ಪುಸ್ತಕದ ಬೆನ್ನ ಮೇಲೆ ಒಂದು ನಂಬರ್ ಚೀಟಿ ನೋಡಿರ್ತೀರಲ್ಲ, ಅದು ಡ್ಯೂಯಿ ದಶಾಂಶ ಪದ್ಧತಿ, ಅಮೆರಿಕದಲ್ಲಿ 1876ರಲ್ಲಿ ಬಂದದ್ದು. ಸೊನ್ನೆಯಿಂದ 999ರವರೆಗೆ ಜಗತ್ತಿನ ಎಲ್ಲ ವಿಷಯವನ್ನ ಹತ್ತು ಮನೆಗಳಲ್ಲಿ ಹಂಚಿದಾರೆ. ಇಂಗ್ಲಿಷ್ ಸಾಹಿತ್ಯಕ್ಕೆ 820, ದುಂಡು ನಂಬರ್. ನಮ್ಮ ಕನ್ನಡ ಸಾಹಿತ್ಯಕ್ಕೆ 894.814. ಪಂಪನಿಂದ ಹಿಡಿದು ತೇಜಸ್ವಿವರೆಗೆ ಎಲ್ಲರೂ ಆ ದಶಾಂಶ ಬಿಂದುವಿನ ಆಚೆ ಕೂತಿದಾರೆ. ನಾಲ್ಕನೇ ಕ್ಲಾಸಿನ ಮಗುವಿಗೆ ದಶಾಂಶ ಇನ್ನೂ ಸರಿಯಾಗಿ ತಲೆಗೆ ಹತ್ತಿರಲ್ಲ, ಅದಕ್ಕೆ ಈ ನಂಬರ್ ಕೊಟ್ಟು ಕತೆ ಪುಸ್ತಕ ಹುಡುಕು ಅಂದ್ರೆ ಹೇಗೆ? ಅದಕ್ಕೇ ಈಗ ಬಹಳ ಶಾಲೆಗಳು ಬಣ್ಣದ ಸ್ಟಿಕ್ಕರ್ ಹಚ್ತಾರೆ, ಒಂದೊಂದು ಓದುವ ಮಟ್ಟಕ್ಕೆ ಒಂದೊಂದು ಬಣ್ಣ.

ಇನ್ನೊಂದು ವಿಷಯ ನಾನು ಯಾವತ್ತೂ ಗಮನಿಸಿರಲಿಲ್ಲ. ಕನ್ನಡದ ಚಿತ್ರ ಪುಸ್ತಕಗಳಿಗೆ ಬೆನ್ನೇ ಇರಲ್ಲ. ಹದಿನಾರು, ಇಪ್ಪತ್ತನಾಲ್ಕು ಪುಟ, ಮಧ್ಯೆ ಎರಡು ಪಿನ್. ನಂಬರ್ ಅಂಟಿಸೋದು ಎಲ್ಲಿ? ಶೆಲ್ಫಿನಲ್ಲಿ ನಿಲ್ಲಿಸಿದ್ರೆ ನಿಲ್ಲಲ್ಲ, ಒಂದರ ಮೇಲೊಂದು ಪೇರಿಸಿದ್ರೆ ಕೆಳಗಿನದ್ದು ಯಾರಿಗೂ ಕಾಣಲ್ಲ. ಅದಕ್ಕೆ ಪರಿಹಾರ ಬಟ್ಟೆ ಒಣಗಿಸೋ ಹಗ್ಗ. ಗೋಡೆಯಿಂದ ಗೋಡೆಗೆ, ಮಗುವಿನ ಕಣ್ಣಿನ ಎತ್ತರಕ್ಕೆ ಹಗ್ಗ ಕಟ್ಟಿ ಪುಸ್ತಕವನ್ನ ಅರ್ಧಕ್ಕೆ ತೆರೆದು ನೇತುಹಾಕೋದು. ಮುಖಪುಟ ಕಾಣತ್ತೆ, ಮಗು ಚಿತ್ರ ನೋಡಿ ಎಳ್ಕೊಳ್ಳತ್ತೆ. ಲಕ್ಷಾಂತರ ರೂಪಾಯಿಯ ಪೀಠೋಪಕರಣದ ಕ್ಯಾಟಲಾಗ್ ಹಿಡ್ಕೊಂಡಿದ್ದ ಸ್ಟಾಲ್‌ನವರು ಪಾಪ ಅದನ್ನ ನಿಂತು ಕೇಳ್ತಾ ಇದ್ರು.

ಸ್ಟಾಲ್ ಅಂದ ಮೇಲೆ ಅದನ್ನೂ ಹೇಳಿಬಿಡ್ತೀನಿ. ಆಡಿಟೋರಿಯಂ ಹೊರಗೆ ಆರೇಳು ಸ್ಟಾಲ್. ಪುಸ್ತಕ ಕದ್ದು ಹೋದ್ರೆ ಕಿರುಚೋ ಗೇಟು, ಬಾರ್‌ಕೋಡ್ ಮೆಷಿನ್, ವರ್ಷಕ್ಕಿಷ್ಟು ಅಂತ ಬಾಡಿಗೆ ಕಟ್ಟೋ ಸಾಫ್ಟ್‌ವೇರ್. ಕೋಹಾ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ನ್ಯೂಜಿಲೆಂಡಿನಲ್ಲಿ ಹುಟ್ಟಿದ್ದು, ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಉಡುಗೊರೆ ಅಂತ ಅರ್ಥ. ಅದರ ಬಗ್ಗೆ ಯಾವ ಸ್ಟಾಲೂ ಇರಲಿಲ್ಲ, ಉಚಿತವಾದದ್ದಕ್ಕೆ ಸ್ಟಾಲ್ ಹಾಕೋರು ಯಾರು? ಪುಸ್ತಕದ ಸ್ಟಾಲಲ್ಲಿ 'ಶಾಲಾ ಲೈಬ್ರರಿ ಸೆಟ್' ಅಂತ ನೂರು ಪುಸ್ತಕದ ಕಟ್ಟು. ತೆಗೆದು ನೋಡಿದೆ. ಅರ್ಧಕ್ಕರ್ಧ ಸಾಮಾನ್ಯ ಜ್ಞಾನ, ಪ್ರಬಂಧ, ಮಹಾಪುರುಷರ ಚರಿತ್ರೆ, ಸಣ್ಣ ಅಕ್ಷರ, ಮಂಕು ಚಿತ್ರ. ಇದನ್ನ ಬೀರುವಿನಿಂದ ಹೊರಗೆ ಇಟ್ರೂ ಯಾವ ಮಗುವೂ ಕದಿಯಲ್ಲ. ಒಳ್ಳೇ ಕನ್ನಡ ಚಿತ್ರ ಪುಸ್ತಕ ಇಲ್ಲ ಅಂತಲ್ಲ. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡ ಕತೆಗಳನ್ನ ಫೋನಿನಲ್ಲೇ ದುಡ್ಡು ಕೊಡದೇ ಓದಬಹುದು, ಪ್ರಿಂಟ್ ಕೂಡ ತೆಗೆಯಬಹುದು. ಆದರೆ ಟೆಂಡರ್ ಕರೆದಾಗ ಬರೋದು ಹೆಚ್ಚಾಗಿ ಕಟ್ಟುಗಳೇ ಅಂತ ಟೀಚರ್‌ಗಳು ಹೇಳಿದ್ರು.

ಸಂಜೆ ನಾಲ್ಕಕ್ಕೆ ಸಮಾರೋಪ. ಅದಕ್ಕೂ ಮೊದಲು ಒಂದು ಮನವಿ ಪತ್ರ ಓದಿದ್ರು. ಶಿಕ್ಷಣ ಇಲಾಖೆಗೆ. ಮೂರು ಕೋರಿಕೆ ಇತ್ತು. ಒಂದು, ಕೇಂದ್ರದ ನಿಯಮದ ಹಾಗೆ ರಾಜ್ಯದ ಶಾಲೆಗಳಲ್ಲೂ ಓದಿಸಿದ ಸಾವಿರ ಪುಸ್ತಕಕ್ಕೆ ಐದು ಸಹಜ ನಷ್ಟ ಅಂತ ಲಿಖಿತ ಆದೇಶ ಬೇಕು. ಎರಡು, ಚಾರ್ಜ್ ಒಪ್ಪಿಸುವಾಗ ಸಂಬಳದಿಂದ ವಸೂಲಿ ನಿಲ್ಲಬೇಕು. ಮೂರು, ತಪಾಸಣೆಗೆ ಬರೋ ಅಧಿಕಾರಿಗಳು ಎಷ್ಟು ಪುಸ್ತಕ ಇದೆ ಅನ್ನೋದರ ಜೊತೆ ಎಷ್ಟು ಪುಸ್ತಕ ಮನೆಗೆ ಹೋಗಿದೆ ಅನ್ನೋದನ್ನೂ ಬರ್ಕೋಬೇಕು.

ನನ್ನ ಪ್ರಕಾರ ಮೂರನೆಯದೇ ದೊಡ್ಡದು. ಒಂದು ಕಾಲಂ ಸೇರಿಸೋಕೆ ದುಡ್ಡು ಖರ್ಚಾಗಲ್ಲ. ಕೇಳೋ ಪ್ರಶ್ನೆ ಬದಲಾದ್ರೆ ಬೀಗ ತೆಗೆಯೋಕೆ ಒಂದು ಕಾರಣ ಸಿಗತ್ತೆ.

ಆಮೇಲೆ ಸಹಿ ಹಾಕೋಕೆ ಹಾಳೆ ಕಳಿಸಿದ್ರು. ಮುಂದಿನ ಸಾಲುಗಳಲ್ಲಿ ಬೇಗ ಬೇಗ ಸಹಿ ಬಿತ್ತು, ಆ ಹಿರಿಯ ಮೇಡಂ ಕೂಡ ಹಾಕಿದ್ರು. ಹಾಳೆ ಹಿಂದಕ್ಕೆ ಬರ್ತಾ ನಿಧಾನ ಆಯ್ತು. ಈ ಪತ್ರ ಯಾರಿಗೆ ಅತಿ ಹೆಚ್ಚು ಬೇಕೋ ಅವರೇ ಪೆನ್ನು ಕೈಯಲ್ಲಿ ಹಿಡ್ಕೊಂಡು ಯೋಚನೆ ಮಾಡ್ತಾ ಕೂತ್ರು. ಸರ್ಕಾರಿ ನೌಕರರು ಇಲಾಖೆಗೆ ಹೀಗೆ ಗುಂಪಾಗಿ ಪತ್ರ ಬರೆದ್ರೆ ಮೇಲಿನವರು ಏನಂತಾರೋ ಅನ್ನೋ ಭಯ. ಪಿಟಿ ಮೇಷ್ಟ್ರು ಹಾಕಿದ್ರು. ಹಸಿರು ಸೀರೆಯ ಟೀಚರ್ ಹಾಳೆಯನ್ನ ಎರಡು ಸಲ ಓದಿ ಪಕ್ಕದವರಿಗೆ ಕೊಟ್ರು, ಸಹಿ ಹಾಕಲಿಲ್ಲ.

ಬಸ್ಸಿಗೆ ಹೊರಡೋ ಮುಂಚೆ ಅವರು ನನ್ನ ಹತ್ರ ಬಂದ್ರು. "ತಂಗಿ, ಆ ಸರ್ ಓದಿದ್ರಲ್ಲ ನಿಯಮ, ಅದು ಇಂಗ್ಲಿಷಿನ್ಯಾಗ ಐತಿ. ನೀ ಅದನ್ನ ಕನ್ನಡದಾಗ ಒಂದ್ ಪುಟದಾಗ ಬರದು ವಾಟ್ಸ್ಯಾಪ್ ಮಾಡ್ತಿಯೇನು? ನಿನ್ ಲೆಕ್ಕಾನೂ ಹಾಕು, ಆ ಕಾಲ್ ಪುಸ್ತಕದ್ದು. ನಮ್ಮ ಹೆಡ್‌ಮಾಸ್ಟರಿಗೆ ತೋರಸ್ತೇನಿ. ಎಸ್‌ಡಿಎಂಸಿ ಮೀಟಿಂಗ್ ಐತಿ."

ಅವತ್ತು ರಾತ್ರಿಯೇ ಬರೆದು ಕಳಿಸಿದೆ. ಇದು ಕೇಂದ್ರದ ನಿಯಮ, ನಿಮಗೆ ನೇರವಾಗಿ ಅನ್ವಯ ಆಗಲ್ಲ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದೆ. ತೆಳು ಪುಸ್ತಕಕ್ಕೆ ಬೇರೆ ವಹಿ, ಸಮಿತಿಯ ನಿರ್ಣಯ, ಅದನ್ನೂ ಸೇರಿಸಿದೆ. ನಿಮ್ಮಲ್ಲಿ ಯಾರ ಅಮ್ಮ, ಅಕ್ಕ, ಮಾವ ಶಾಲೆಯಲ್ಲಿ ಲೈಬ್ರರಿ ನೋಡ್ಕೊಳ್ತಾ ಇದ್ರೆ ನನಗೊಂದು ವಾಯ್ಸ್ ನೋಟ್ ಕಳಿಸಿ, ಅದೇ ಪುಟ ನಿಮಗೂ ಕಳಿಸ್ತೀನಿ. ನಿಮ್ಮ ಶಾಲೆಯ ಬೀರು ತೆರೆದಿತ್ತಾ, ಮುಚ್ಚಿತ್ತಾ ಅಂತಲೂ ಹೇಳಿ.

ಟೀಚರ್‌ದು ಎರಡು ನೀಲಿ ಟಿಕ್ ಮರುದಿನ ಬಂತು. ಉತ್ತರ ಬಂದದ್ದು ನಿನ್ನೆ. "ಹೆಡ್‌ಮಾಸ್ಟರ್ ಓದಿದ್ರು. ಮೊದಲ ಮೂವತ್ತು ಪುಸ್ತಕ ಕೊಡೋಣು ಅಂದಾರ, ಐದನೇತ್ತೆಯವರಿಗೆ ಅಷ್ಟ. ಹಗ್ಗ ತಂದೇನಿ."

ಮುಂದಿನ ವಾರ ಸಿಗೋಣ.